ಕಚೇರಿಯ ಕಿಟಕಿಯ ಬಳಿ

ಮೃಗಶಿರಾ ಮಳೆ ಕಾಲಿಡುವ ವೇಳೆಗೆ ಉಡುಪಿಯ ಬಸ್ ನಿಲ್ದಾಣದಲ್ಲಿ ಎರಡು ಬಗೆಯ ಜನಸಂದಣಿ ಕಾಣುತ್ತದೆ. ಹೊಸ ಕೊಡೆ, ಹೊಸ ಚೀಲ ಹಿಡಿದು ಕಾಲೇಜು ಸೇರಲು ಬಂದ ಹುಡುಗ ಹುಡುಗಿಯರದು ಒಂದು. ಗೋಣಿಯಲ್ಲಿ ಪಾತ್ರೆಪರಟಿ, ಹಾಸಿಗೆ, ಸಲಿಕೆಗಳನ್ನು ತುಂಬಿಕೊಂಡು ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆಯ ರಾತ್ರಿ ಬಸ್ಸಿಗೆ ಕಾದಿರುವ ಕೂಲಿಯವರದು ಇನ್ನೊಂದು. ಮೊದಲಿನವರಿಗೆ ಜೂನ್ ಎಂದರೆ ಪಾಠ ಆರಂಭವಾಗುವ ತಿಂಗಳು. ಎರಡನೆಯವರಿಗೆ ಅದು ಹೆಸರು, ಸಜ್ಜೆ, ಶೇಂಗಾ ಬಿತ್ತುವ ತಿಂಗಳು. ಈ ಎರಡು ಗುಂಪುಗಳಿಗೆ ಪರಸ್ಪರ ಸಂಬಂಧವಿಲ್ಲವೆಂದು ದಾರಿಹೋಕರು ಭಾವಿಸುವುದು ಸಹಜ. ಆದರೆ ಈಚೀಚೆಗೆ ಎರಡರಲ್ಲಿಯೂ ಒಂದೇ ಮನೆಯವರು ನಿಂತಿರುವುದುಂಟು. ತಂದೆತಾಯಿ ಊರಿಗೆ ಹೊರಟಿರುತ್ತಾರೆ. ಮಗಳು ಅವರೊಡನೆ ಹೋಗುವಳೋ, ಇಲ್ಲಿಯೇ ಉಳಿದು ಬಿ.ಕಾಂ. ಓದುವಳೋ ಎಂಬುದು ಬಸ್ಸು ಬರುವವರೆಗೂ ಇತ್ಯರ್ಥವಾಗಿರುವುದಿಲ್ಲ.

ಕರಾವಳಿಯವರು ಇವರನ್ನು ಘಟ್ಟದವರು ಎಂದು ಕರೆಯುತ್ತಾರೆ. ಊರಿನಲ್ಲಿ ಕೆಲವರಿಗೆ ಎರಡು ಮೂರು ಎಕರೆ ಮಳೆಯಾಶ್ರಿತ ಹೊಲವಿರುತ್ತದೆ, ಕೆಲವರಿಗೆ ಅದೂ ಇಲ್ಲ. ಇನ್ನೊಬ್ಬರ ಹೊಲದಲ್ಲಿ ಕಳೆ ತೆಗೆದು ಬದುಕುವವರೇ ಹೆಚ್ಚು. ಸುಗ್ಗಿ ಮುಗಿದರೆ ಅಲ್ಲಿ ಕೈಗೆ ಕೆಲಸವಿಲ್ಲ. ಆಗ ಅವರು ಘಟ್ಟವಿಳಿದು ಬಂದು ಮಣಿಪಾಲದ ಬಹುಮಹಡಿ ಕಟ್ಟಡಗಳಿಗೆ ಕಾಂಕ್ರೀಟು ಹೊರುತ್ತಾರೆ, ಕೆಂಪುಕಲ್ಲು ಎತ್ತುತ್ತಾರೆ, ಚರಂಡಿ ತೋಡುತ್ತಾರೆ, ಅಡಿಕೆ ತೋಟದ ಬುಡ ಬಿಡಿಸುತ್ತಾರೆ. ಉಡುಪಿಯ ಬೀಡಿನಗುಡ್ಡೆಯಲ್ಲಿ ಅವರ ಜೋಪಡಿಗಳಿದ್ದುದನ್ನು ಊರವರು ಬಲ್ಲರು. ಕಾಪುವಿನ ಹೆದ್ದಾರಿಯ ಆಸುಪಾಸಿನಲ್ಲಿಯೂ ಕಾರ್ಕಳದ ಕಲ್ಲುಕೋರೆಗಳ ಬದಿಯಲ್ಲಿಯೂ ಅವರ ಬಿಡಾರಗಳನ್ನು ಕಾಣಬಹುದು. ಈ ಬಿಡಾರಗಳಲ್ಲಿ ಬೆಳೆದ ಮಕ್ಕಳು ಮನೆಯಲ್ಲಿ ಬಡಗಣ ಸೀಮೆಯ ಗಂಡುಗನ್ನಡ, ಬೀದಿಯಲ್ಲಿ ತುಳು, ಸರಕಾರೀ ಶಾಲೆಯಲ್ಲಿ ಪುಸ್ತಕದ ಕನ್ನಡ ಹೀಗೆ ಮೂರು ಮಾತುಗಳನ್ನು ಒಂದೇ ನಾಲಿಗೆಯಲ್ಲಿ ಆಡುತ್ತಾರೆ. ಅವರಲ್ಲಿ ಎಷ್ಟೋ ಮಂದಿ ನಡುವೆಯೇ ಶಾಲೆ ಬಿಡುತ್ತಾರೆ. ಬಿಡದೆ ಎಸ್.ಎಸ್.ಎಲ್.ಸಿ. ದಾಟಿ, ಪಿ.ಯು.ಸಿ. ದಾಟಿ, ಕಾಲೇಜಿನ ಕಚೇರಿಯ ಕಿಟಕಿಯ ಮುಂದೆ ಅರ್ಜಿ ಹಿಡಿದು ನಿಲ್ಲುವ ಕೆಲವರ ಪ್ರಸಂಗವಿದು. ಅವರಿಗಿಂತ ಹೆಚ್ಚಾಗಿ, ಆ ಕಿಟಕಿಯ ಒಳಗಡೆ ಕುಳಿತಿರುವವರ ಪ್ರಸಂಗ.

ದುಡಿಮೆಗಾಗಿ ಊರು ಬಿಡುವುದು ಈ ಜಿಲ್ಲೆಗೆ ಹೊಸದೇನಲ್ಲ. ಕಾಫಿಯ ತೋಟಗಳು ಎದ್ದ ಕಾಲದಿಂದ ದಕ್ಷಿಣ ಕನ್ನಡದ ಬಡವರು ಚಿಕ್ಕಮಗಳೂರು, ಕೊಡಗುಗಳಿಗೆ ಕೂಲಿಗಾಗಿ ಏರಿಹೋಗುತ್ತಿದ್ದರು. "ಘಟ್ಟಕ್ಕೆ ಹೋದ" ಎಂಬ ಮಾತಿಗೆ ಆಗ ಅದೇ ಅರ್ಥ. ಹತ್ತು ಹನ್ನೆರಡು ವರ್ಷದ ಹುಡುಗರು ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ಲೋಟ ತೊಳೆದದ್ದೂ ಕಥೆಯಲ್ಲ, ಅನೇಕ ಮನೆಗಳ ಹಿರಿಯರ ಜೀವನಚರಿತ್ರೆ. ಆ ಹುಡುಗರಲ್ಲಿ ಓದುವ ಛಲವಿದ್ದವರಿಗಾಗಿ ಮುಂಬಯಿಯ ಕನ್ನಡಿಗರು ರಾತ್ರಿಶಾಲೆಗಳನ್ನು ಕಟ್ಟಿದರು. ಕಾಪು, ಮಲ್ಪೆಗಳ ಕಡಲತಡಿಯಿಂದ ಹೋದ ಮೊಗವೀರರು 1902ರಲ್ಲಿಯೇ ಅಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಸ್ಥಾಪಿಸಿ, ಬಹುಬೇಗ ಉಚಿತ ರಾತ್ರಿಶಾಲೆಯನ್ನೂ ತೆರೆದರು. ಹಗಲೆಲ್ಲ ದುಡಿದ ಹುಡುಗನು ರಾತ್ರಿ ಬೆಂಚಿನ ಮೇಲೆ ತೂಕಡಿಸಿದರೆ ಅವನನ್ನು ಗದರಿಸದೆ ಎಬ್ಬಿಸುವ ಮೇಷ್ಟರು ಆ ಶಾಲೆಗಳಿಗೆ ಬೇಕಾಗಿದ್ದರು. ಅಂಥವರು ದೊರೆತದ್ದರಿಂದಲೇ ಲೋಟ ತೊಳೆದ ಕೈಗಳಲ್ಲಿ ಕೆಲವು ವಕಾಲತ್ತು ಬರೆದವು.

1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಈ ನಾಡಿನ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿತು. ಒಡೆಯರಾದವರ ಮಕ್ಕಳು ಓದಿದರು. ಓದಿದವರು ಬ್ಯಾಂಕು ಸೇರಿದರು, ಮುಂಬಯಿ ಸೇರಿದರು, ಕೊಲ್ಲಿ ರಾಷ್ಟ್ರಗಳನ್ನು ಸೇರಿದರು. ಗದ್ದೆಗೆ ಇಳಿಯುವ ಕೈಗಳು ಕಡಮೆಯಾದವು. ಆ ಬರಿದಾದ ಎಡೆಗೆ ಬಂದವರೇ ಈ ಘಟ್ಟದವರು. ಒಂದು ಪೀಳಿಗೆಯ ಹಿಂದೆ ಇಲ್ಲಿಂದ ಏರಿದ ದಾರಿಯನ್ನೇ ಇನ್ನೊಬ್ಬರು ಇಳಿದು ಬಂದಿದ್ದಾರೆ. ಇಷ್ಟಿದ್ದೂ ಬೆಳಗಿನ ಹೊತ್ತು ಕೂಡುರಸ್ತೆಯಲ್ಲಿ ಕೂಲಿಗಾಗಿ ನಿಂತವರನ್ನು ಕಂಡು ಮೂಗು ಮುರಿಯುವವರಿಗೆ ಕೊರತೆಯಿಲ್ಲ. ಆ ಮೂಗಿನ ಅಜ್ಜನೂ ಯಾವುದೋ ಊರಿನ ಕೂಡುರಸ್ತೆಯಲ್ಲಿ ಹಾಗೆಯೇ ನಿಂತಿದ್ದಿರಬಹುದು.

ಉಡುಪಿಯಲ್ಲಿ ಕಾಲೇಜು ಎಂಬುದು ಬಂದದ್ದೇ ಸ್ವಾತಂತ್ರ್ಯದ ಅನಂತರ. ಡಾಕ್ಟರ್ ಟಿ. ಎಂ. ಎ. ಪೈಯವರ ಪ್ರಯತ್ನದಿಂದ 1949ರಲ್ಲಿ ಮಹಾತ್ಮಾ ಗಾಂಧಿ ಮೆಮೋರಿಯಲ್ ಕಾಲೇಜು ತೆರೆಯಿತು. ಉಡುಪಿಯ ಪೂರ್ಣಪ್ರಜ್ಞ, ಕಾರ್ಕಳದ ಭುವನೇಂದ್ರ ಕಾಲೇಜುಗಳು 1960ರಲ್ಲಿ ಬಂದವು. ಸರಕಾರೀ ಪ್ರಥಮ ದರ್ಜೆ ಕಾಲೇಜುಗಳು ಬಂದುದು ಮತ್ತೂ ಈಚೆಗೆ. ಅದಕ್ಕೂ ಹಿಂದೆ ಬಡ ವಿದ್ಯಾರ್ಥಿಗೆ ಇದ್ದ ಆಸರೆಯೆಂದರೆ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದಿದವರು ದೊಡ್ಡ ಹುದ್ದೆಗಳನ್ನು ಏರಿ, ಆ ತಾಯಂದಿರ ಕೈಯಡುಗೆಯನ್ನು ನೆನೆದು ಕಣ್ಣು ತುಂಬಿಕೊಂಡದ್ದುಂಟು. ಆದರೆ ಆ ಅಡುಗೆಮನೆಗಳ ಬಾಗಿಲು ಎಲ್ಲ ಜಾತಿಯ ಹಸಿವಿಗೂ ತೆರೆದಿರಲಿಲ್ಲವೆಂಬುದನ್ನು ಮರೆಯಬಾರದು. ಹೊರಗೆ ನಿಂತವರಿಗಾಗಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ತಮ್ಮ ಮನೆಮಾರನ್ನೂ ಮಾನಮರ್ಯಾದೆಯನ್ನೂ ಪಣವಾಗಿಟ್ಟು ಶಾಲೆಗಳನ್ನು ತೆರೆಯಬೇಕಾಯಿತು.

ಇಂದಿನ ದಿನ ವಾರಾನ್ನದ ಸ್ಥಾನದಲ್ಲಿ ಸರಕಾರವಿದೆ. ಹಣವೇ ಇಲ್ಲವೆನ್ನುವ ಕಾಲ ಇದಲ್ಲ. ರೈತರ ಮಕ್ಕಳಿಗೆಂದು ರಾಜ್ಯ ಸರಕಾರವು 2021ರಲ್ಲಿ ವಿದ್ಯಾನಿಧಿಯೊಂದನ್ನು ಆರಂಭಿಸಿತು, ಪಿ.ಯು.ಸಿ. ಮತ್ತು ಐ.ಟಿ.ಐ. ಹುಡುಗರಿಗೆ ವರ್ಷಕ್ಕೆ 2,500 ರೂಪಾಯಿ, ಹುಡುಗಿಯರಿಗೆ 3,000; ಸಾಮಾನ್ಯ ಪದವಿ ತರಗತಿಗಳಿಗೆ 5,000 ಮತ್ತು 5,500; ವೈದ್ಯಕೀಯ, ಎಂಜಿನಿಯರಿಂಗ್, ಸ್ನಾತಕೋತ್ತರ ಶಿಕ್ಷಣಕ್ಕೆ 10,000 ಮತ್ತು 11,000 ಎಂದು ಗೊತ್ತುಮಾಡಿತು. ಮುಂದೆ ಭೂಮಿಯಿಲ್ಲದ ಕೃಷಿ ಕೂಲಿಕಾರರ ಮಕ್ಕಳಿಗೂ ಅದನ್ನು ವಿಸ್ತರಿಸಲಾಯಿತು. ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಕ್ಕದ ಹಿಂದುಳಿದ ವರ್ಗದವರ ಊಟ ವಸತಿಗೆಂದು ವಿದ್ಯಾಸಿರಿ ಎಂಬ ಯೋಜನೆ ಬಂದಿತು; ಆರಂಭದಲ್ಲಿ ಅದು ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ ದೊರೆಯುತ್ತಿತ್ತು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯೂ ತನ್ನಲ್ಲಿ ಹೆಸರು ನೋಂದಾಯಿಸಿದವರ ಮಕ್ಕಳ ಓದಿಗೆ ನೆರವು ನೀಡುತ್ತ ಬಂದಿದೆ. ಪತ್ರಿಕೆಯಲ್ಲಿ ಇವನ್ನೆಲ್ಲ ಒಟ್ಟಿಗೆ ಓದಿದ ಗೃಹಸ್ಥರು, "ಇಷ್ಟೆಲ್ಲ ಕೊಟ್ಟ ಮೇಲೆ ಓದದಿದ್ದರೆ ತಪ್ಪು ಯಾರದು?" ಎಂದು ಕೇಳಿ ಕಾಫಿಯ ಲೋಟವನ್ನು ಕೆಳಗಿಡುತ್ತಾರೆ. ಆ ಪ್ರಶ್ನೆಗೆ ಉತ್ತರ ಬೇಕಾದರೆ ಕಚೇರಿಯ ಕಿಟಕಿಯ ಬಳಿ ಒಂದು ದಿನ ನಿಂತು ನೋಡಬೇಕು.

ಕುಷ್ಟಗಿಯ ಕಡೆಯಿಂದ ಬಂದ ಮನೆಯ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಕಾಪುವಿನ ಬಳಿ ಬಿಡಾರ, ಪಿ.ಯು.ಸಿ.ಯಲ್ಲಿ ಪ್ರಥಮ ದರ್ಜೆ. ವಿದ್ಯಾರ್ಥಿವೇತನದ ಅರ್ಜಿಯನ್ನು ಈಗ ಗಣಕಯಂತ್ರದ ಮೂಲಕವೇ ಸಲ್ಲಿಸಬೇಕು. ಅದಕ್ಕೆ ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳು ಬೇಕು. ಅವು ಬರಬೇಕಾದುದು ಹುಟ್ಟೂರಿನ ನಾಡಕಚೇರಿಯಿಂದ. ಅಲ್ಲಿಯ ಗ್ರಾಮ ಆಡಳಿತಾಧಿಕಾರಿ "ಈ ಮನೆಯವರು ಊರಿನಲ್ಲಿ ವಾಸವಿಲ್ಲ" ಎಂದು ಬರೆದರೆ ಸುಳ್ಳಲ್ಲ. ಇಲ್ಲಿಯ ಅಧಿಕಾರಿ "ಇವರು ಈ ಊರಿನವರಲ್ಲ" ಎಂದರೆ ಅದೂ ಸುಳ್ಳಲ್ಲ. ಎರಡು ಸತ್ಯಗಳ ನಡುವೆ ಹುಡುಗಿ ನಿಂತಿರುತ್ತಾಳೆ. ರೈತರ ಮಕ್ಕಳ ನಿಧಿಗೆ ತಂದೆಯು ರೈತನೆಂದು ನೋಂದಣಿಯಾಗಿರಬೇಕು. ಹೊಲದ ಪಹಣಿ ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಉಳಿದಿರುತ್ತದೆ. ಕಾರ್ಮಿಕ ಮಂಡಳಿಯ ನೆರವಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ಪ್ರಮಾಣ ಬೇಕು. ದಿನಕ್ಕೊಬ್ಬ ಮೇಸ್ತ್ರಿಯ ಕೈಕೆಳಗೆ ದುಡಿದವನಿಗೆ ಅದನ್ನು ಬರೆದುಕೊಡುವವರು ಯಾರು? ಅಲ್ಲಿ ಉಳುವಾಗ ರೈತ, ಇಲ್ಲಿ ಹೊರುವಾಗ ಕಾರ್ಮಿಕ. ಕಾಗದದ ಮೇಲೆ ಮಾತ್ರ ಎರಡೂ ಅಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಅಂಕಪಟ್ಟಿಯಲ್ಲಿ ಹುಡುಗಿಯ ಹೆಸರಿನೊಡನೆ ತಂದೆಯ ಹೆಸರಿದೆ, ಆಧಾರ್ ಚೀಟಿಯಲ್ಲಿ ಮನೆತನದ ಹೆಸರಿದೆ. ಮನುಷ್ಯರಿಗೆ ಇದು ಒಬ್ಬಳೇ ಹುಡುಗಿಯೆಂದು ತಿಳಿಯುತ್ತದೆ, ಯಂತ್ರಕ್ಕೆ ತಿಳಿಯುವುದಿಲ್ಲ. ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿರದಿದ್ದರೆ ಮಂಜೂರಾದ ಹಣವೂ ಬಂದು ಸೇರದು. ಆಧಾರಿಗೆ ಕೊಟ್ಟ ಮೊಬೈಲು ಸಂಖ್ಯೆ ತಂದೆಯದು. ಅರ್ಜಿ ತುಂಬುವಾಗ ಬರುವ ಗುಪ್ತಸಂಖ್ಯೆ ಹೋಗುವುದು ಆ ಮೊಬೈಲಿಗೆ, ತಂದೆ ಇರುವುದು ನೂರಾರು ಕಿಲೋಮೀಟರು ದೂರದ ಹೊಲದಲ್ಲಿ.

ಇಂಥ ಹೊತ್ತಿನಲ್ಲಿ ಕಿಟಕಿಯೊಳಗಿನ ಗುಮಾಸ್ತರಿಗೆ ಎರಡು ದಾರಿಗಳಿವೆ. "ದಾಖಲೆ ಸರಿ ಮಾಡಿಸಿಕೊಂಡು ಬಾ" ಎಂದು ಅರ್ಜಿಯನ್ನು ಹಿಂದಕ್ಕೆ ಕೊಡುವುದು ಒಂದು. ಇದರಲ್ಲಿ ನಿಯಮದ ಪ್ರಕಾರ ತಪ್ಪೇನೂ ಇಲ್ಲ. ಹಾಗೆ ಹಿಂದಕ್ಕೆ ಪಡೆದವಳು ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ನಾಚಿಕೆಯಿಂದ ಇಳಿದು, ಬಿಡಾರಕ್ಕೆ ಹೋಗಿ, ಮರುದಿನ ತಾಯಿಯೊಡನೆ ಕೆಲಸಕ್ಕೆ ಹೊರಡುತ್ತಾಳೆ. ಎರಡನೆಯ ದಾರಿ, ಕಿಟಕಿಯಿಂದ ಎದ್ದು ಹೊರಗೆ ಬಂದು, ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕುಳಿತು, ಒಂದೊಂದೇ ಕಾಗದವನ್ನು ಬಿಡಿಸಿ ನೋಡುವುದು. ಯಾವುದನ್ನು ಇಲ್ಲಿಂದಲೇ ತರಿಸಬಹುದು, ಯಾವುದಕ್ಕೆ ಊರಿಗೆ ಹೋಗಬೇಕು, ಯಾವುದನ್ನು ಬ್ಯಾಂಕಿನಲ್ಲಿ ಸರಿಮಾಡಿಸಬೇಕು ಎಂದು ಚೀಟಿಯ ಮೇಲೆ ಬರೆದುಕೊಡುವುದು. ಕಡೆಯ ತಾರೀಖಿಗೆ ಮೊದಲು ತಾವೇ ನೆನಪಿಸುವುದು. ಇದಕ್ಕೆ ಯಾವ ಭತ್ಯವೂ ಇಲ್ಲ, ಯಾವ ವರದಿಯಲ್ಲಿಯೂ ಇದರ ಅಂಕಣವಿಲ್ಲ. ಸರಕಾರ ಕೊಡುವ ಐದೂವರೆ ಸಾವಿರವು ಹುಡುಗಿಯ ಕೈ ಸೇರುವುದೋ ಇಲ್ಲವೋ ಎಂಬುದು ಮಾತ್ರ ಬಹುಪಾಲು ಇದರ ಮೇಲೆಯೇ ನಿಂತಿದೆ.

ಮಣಿಪಾಲದ ಹಳಬರಿಗೆ ಈ ವಿಚಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಬಹುಕಾಲ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಲೀನವಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯೆಂಬ ಉಪಾಯವನ್ನು ಕಂಡುಹಿಡಿಯಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವ ಬಡವನ ಮನೆಬಾಗಿಲಿಗೆ ಬ್ಯಾಂಕಿನವನೇ ದಿನವೂ ಹೋಗಿ ಎರಡಾಣೆಯನ್ನು ಪಡೆದು ಬರುವುದು. ಇಷ್ಟೇ ಅದರ ಗುಟ್ಟು. ಬಡವನಲ್ಲಿ ಉಳಿತಾಯದ ಬುದ್ಧಿ ಮೊದಲೇ ಇತ್ತು, ಬಾಗಿಲಿಗೆ ಬರುವ ಮನುಷ್ಯ ಇರಲಿಲ್ಲ. ವಿದ್ಯಾರ್ಥಿವೇತನದ ವಿಷಯದಲ್ಲಿ ಪಿಗ್ಮಿಯವನ ಕೆಲಸ ಮಾಡುವವರು ಇನ್ನೂ ಸಾಕಷ್ಟು ಹುಟ್ಟಿಲ್ಲ.

ಉಡುಪಿಯಲ್ಲಿ ಆ ಕೆಲಸವನ್ನು ಕೈಗೆತ್ತಿಕೊಂಡವರು ಶಿಕ್ಷಣ ಇಲಾಖೆಯವರಲ್ಲ, ಯಕ್ಷಗಾನದವರು ಎಂಬುದು ಸ್ವಾರಸ್ಯದ ಸಂಗತಿ. 1975ರಲ್ಲಿ ಕಲಾವಿದರ ಹಿತಕ್ಕಾಗಿ ಸ್ಥಾಪಿತವಾದ ಯಕ್ಷಗಾನ ಕಲಾರಂಗವು 2005ರಲ್ಲಿ ವಿದ್ಯಾಪೋಷಕ್ ಎಂಬ ಯೋಜನೆಯನ್ನು ಆರಂಭಿಸಿತು. ಬಡತನದಲ್ಲಿಯೂ ಚೆನ್ನಾಗಿ ಓದಿದ ಮಕ್ಕಳನ್ನು ಪಿ.ಯು.ಸಿ.ಯ ಹಂತದಿಂದ ಆರಿಸಿ, ದಾನಿಗಳ ಹಣದಿಂದ ನೆರವು ನೀಡುವುದು ಅದರ ಕ್ರಮ. ಮೆಚ್ಚಬೇಕಾದುದು ಹಣಕ್ಕಿಂತ ಹೆಚ್ಚಾಗಿ ಅದರ ರೀತಿಯನ್ನು: ಕಾರ್ಯಕರ್ತರು ಅರ್ಜಿಯನ್ನಷ್ಟೇ ಓದಿ ತೀರ್ಮಾನಿಸದೆ ವಿದ್ಯಾರ್ಥಿಯ ಮನೆಗೇ ಹೋಗುತ್ತಾರೆ. ಹೋದಲ್ಲಿ ಅರ್ಜಿಯಲ್ಲಿ ಬರೆಯಲಾಗದ ಸಂಗತಿಗಳು ಕಾಣುತ್ತವೆ. ಮಾಡು ಸೋರುತ್ತಿರುತ್ತದೆ, ದೀಪವಿರುವುದಿಲ್ಲ, ಓದಲು ಕೂರುವ ಎಡೆಯಿರುವುದಿಲ್ಲ. ಹಾಗೆ ಕಂಡದ್ದರ ಫಲವಾಗಿಯೇ ಸಂಸ್ಥೆಯು ಕೆಲವು ವಿದ್ಯಾರ್ಥಿಗಳ ಕುಟುಂಬಗಳಿಗೆ ಮನೆಯನ್ನೂ ಕಟ್ಟಿಸಿಕೊಟ್ಟಿತು. ಯಕ್ಷಗಾನದವರಿಗೆ ಇದು ಹೇಗೆ ಹೊಳೆಯಿತೆಂದು ಆಶ್ಚರ್ಯಪಡಬೇಕಾಗಿಲ್ಲ. ದೀಪಾವಳಿಯ ಅನಂತರ ಹೊರಟು ಪತ್ತನಾಜೆಯವರೆಗೆ ಊರೂರು ಅಲೆದು, ಮಳೆಗಾಲಕ್ಕೆ ಮನೆ ಸೇರುವ ಮೇಳದ ಕಲಾವಿದನಿಗೆ ತಿರುಗಾಟದ ಬದುಕು ಎಂದರೇನೆಂದು ತಿಳಿಯದೆ ಇದ್ದೀತೆ? ಆರು ತಿಂಗಳ ಸಂಪಾದನೆಯಲ್ಲಿ ಹನ್ನೆರಡು ತಿಂಗಳು ಉಣ್ಣುವ ಲೆಕ್ಕ ಅವನ ಮನೆಯಲ್ಲಿಯೂ ಇದೆ.

ಇಂಥದೇ ಒಂದು ಪ್ರಯತ್ನ ಅಮೆರಿಕದಲ್ಲಿ ಸರಕಾರದ ವತಿಯಿಂದಲೇ ನಡೆಯಿತು. ಅಲ್ಲಿ ಟೆಕ್ಸಾಸ್, ಕ್ಯಾಲಿಫೋರ್ನಿಯ, ಫ್ಲಾರಿಡಗಳ ಕಡೆಯ ಕೃಷಿ ಕೂಲಿಗಳು ಹಣ್ಣು ತರಕಾರಿಗಳು ಮಾಗುವ ಕ್ರಮವನ್ನನುಸರಿಸಿ ಉತ್ತರಕ್ಕೆ ಸಾಗುತ್ತಾರೆ. ಅವರೊಡನೆ ಮಕ್ಕಳೂ ಶಾಲೆಯಿಂದ ಶಾಲೆಗೆ ಅಲೆಯುತ್ತಾರೆ. ಆ ಮಕ್ಕಳಲ್ಲಿ ಕಾಲೇಜು ಮುಟ್ಟಿದವರಿಗೆಂದು 1972ರಲ್ಲಿ ಅಲ್ಲಿಯ ಸರಕಾರವು ವಿಶೇಷ ಯೋಜನೆಯನ್ನು ಆರಂಭಿಸಿತು. ಟೆಕ್ಸಾಸಿನ ಆಸ್ಟಿನ್ ನಗರದ ಸೇಂಟ್ ಎಡ್ವರ್ಡ್ಸ್ ವಿಶ್ವವಿದ್ಯಾಲಯ ಆ ವರ್ಷವೇ ಅದನ್ನು ಕೈಗೊಂಡಿತು. ಹಿಂದಿನ 24 ತಿಂಗಳಲ್ಲಿ ವಿದ್ಯಾರ್ಥಿಯೋ ಅವನ ಮನೆಯವರೋ 75 ದಿನ ಹೊಲದಲ್ಲಿ ದುಡಿದಿದ್ದರೆ ಅರ್ಹತೆಯಾಯಿತು. ಆ ಯೋಜನೆಯವರು ತಮ್ಮ ಶಕ್ತಿಯನ್ನೆಲ್ಲ ಕಾಲೇಜಿನ ಮೊದಲನೆಯ ವರ್ಷದ ಮೇಲೆಯೇ ಸುರಿದರು. ಹಣ, ವಸತಿ, ಹೆಚ್ಚಿನ ಪಾಠ ಇವೆಲ್ಲದರ ಜೊತೆಗೆ ಆ ವರ್ಷದಲ್ಲಿ ವಿದ್ಯಾರ್ಥಿಯ ಬೆನ್ನಿಗೆ ನಿಲ್ಲಲು ಸಿಬ್ಬಂದಿಯನ್ನು ಗೊತ್ತುಮಾಡಿದರು. ಅಂಥ ಸಿಬ್ಬಂದಿಯಲ್ಲಿ ಅನೇಕರು ಸ್ವತಃ ಹೊಲದ ಕೂಲಿಗಳ ಮಕ್ಕಳು. ಮೊದಲ ವರ್ಷವನ್ನು ದಾಟಿದವನು ದಡ ಕಾಣುತ್ತಾನೆ, ಬಿಟ್ಟುಹೋಗುವವನು ಆ ವರ್ಷದಲ್ಲಿಯೇ ಬಿಟ್ಟುಹೋಗುತ್ತಾನೆ ಎಂಬ ಎಣಿಕೆ ಅವರದು.

ಉಡುಪಿಯ ಕಾಲೇಜುಗಳಿಗೂ ಆ ಎಣಿಕೆ ಒಪ್ಪುತ್ತದೆ. ಇಲ್ಲಿಯ ಮೊದಲ ವರ್ಷ ಹೇಗಿರುತ್ತದೆ? ಜೂನಿನಲ್ಲಿ ತಂದೆತಾಯಿ ಹೊರಟುಹೋಗುತ್ತಾರೆ. ವಿದ್ಯಾರ್ಥಿನಿಲಯದ ಆಯ್ಕೆಯ ಪಟ್ಟಿ ಬರುವವರೆಗೆ ಹುಡುಗಿ ಯಾರೋ ಪರಿಚಿತರ ಮನೆಯಲ್ಲಿರಬೇಕು. ಸ್ಥಳ ಸಿಕ್ಕಿತೆಂದರೆ ಮೊದಲ ಸಮಸ್ಯೆ ಊಟದ್ದು. ಜೋಳದ ರೊಟ್ಟಿಗೆ, ಹಸಿಮೆಣಸಿನ ಖಾರಕ್ಕೆ ಒಗ್ಗಿದ ನಾಲಿಗೆಯ ಮುಂದೆ ಕುಚ್ಚಲಕ್ಕಿಯ ಅನ್ನವೂ ತೆಂಗಿನಕಾಯಿಯ ಸಾರೂ ಬಂದು ಕೂರುತ್ತವೆ. ಇಲ್ಲಿಯೇ ಬೆಳೆದವರಿಗೆ ಅಭ್ಯಾಸವಾಗಿರುತ್ತದೆ; ನೇರವಾಗಿ ಊರಿನಿಂದ ಬಂದವರಿಗೆ ಅದು ವಾರಗಟ್ಟಲೆ ಗಂಟಲಿನಿಂದ ಇಳಿಯದು. ಯಾವ ಹುಡುಗಿ ಎರಡು ದಿನಗಳಿಂದ ತಟ್ಟೆಯಲ್ಲಿ ಅರ್ಧ ಉಳಿಸುತ್ತಿದ್ದಾಳೆ ಎಂಬುದು ಪ್ರಾಂಶುಪಾಲರಿಗೆ ತಿಳಿಯುವುದಿಲ್ಲ, ಅಡುಗೆಯವರಿಗೆ ತಿಳಿಯುತ್ತದೆ. "ಯಾಕಮ್ಮ, ಮನೆಯ ನೆನಪೋ?" ಎಂದು ಕೇಳುವ ಅಡುಗೆಯ ಅಕ್ಕನೊಬ್ಬಳು ಇದ್ದ ವಿದ್ಯಾರ್ಥಿನಿಲಯದಲ್ಲಿ ಎಷ್ಟು ಮಕ್ಕಳು ಓದು ಬಿಡದೆ ಉಳಿದರು ಎಂಬುದನ್ನು ಯಾರೂ ಎಣಿಸಿಲ್ಲ, ಎಣಿಸಿದರೆ ವಿದ್ಯಾ ಇಲಾಖೆಗೆ ಒಂದು ಹೊಸ ಪಾಠವಾದೀತು.

ವಾರ್ಡನರ ಪಾಡು ಬೇರೆ. ಹಬ್ಬಕ್ಕೆ ಊರಿಗೆ ಹೋದ ಹುಡುಗಿಯು ಹಿಂದಿರುಗಿ ಬರುವಳೆಂಬ ಭರವಸೆಯಿಲ್ಲ. ನಾಗರ ಪಂಚಮಿಗೆ ಹೋದವಳಿಗೆ ಮನೆಯಲ್ಲಿ ವರ ಗೊತ್ತಾಗಿರಬಹುದು. ಬನಶಂಕರಿಯ ಜಾತ್ರೆಗೆಂದು ಹೋದ ಹುಡುಗನನ್ನು ಕಡಲೆ ಕೀಳುವ ಕೆಲಸ ಹಿಡಿದಿಟ್ಟಿರಬಹುದು. ಹೊರಡುವಾಗಲೇ "ಯಾವ ಬಸ್ಸಿಗೆ ಹಿಂದಿರುಗುತ್ತೀ?" ಎಂದು ಕೇಳಿ, ಬಾರದಿದ್ದ ಮೂರನೆಯ ದಿನವೇ ಫೋನು ಮಾಡುವ ವಾರ್ಡನರೂ ಇದ್ದಾರೆ; ತಿಂಗಳ ಕೊನೆಗೆ ಖಾಲಿ ಹಾಸಿಗೆಯನ್ನು ಕಂಡು ಹೆಸರು ಹೊಡೆದುಹಾಕುವವರೂ ಇದ್ದಾರೆ. ಮೂರನೆಯ ದಿನ ಮಾತನಾಡಿದರೆ ತಂದೆ ಒಪ್ಪಿಯಾನು. ಮೂವತ್ತನೆಯ ದಿನ ಲಗ್ನಪತ್ರಿಕೆ ಅಚ್ಚಾಗಿರುತ್ತದೆ.

ತರಗತಿಯಲ್ಲಿ ಉಪನ್ಯಾಸಕರಿಗೆ ಎದುರಾಗುವ ಧರ್ಮಸಂಕಟ ಹಾಜರಿಯದು. ಶೇಕಡಾ 75 ಹಾಜರಿಯಿಲ್ಲದವರಿಗೆ ಪರೀಕ್ಷೆಯಿಲ್ಲ. ರಜಾದಿನಗಳಲ್ಲಿ ಮದುವೆಯ ಊಟ ಬಡಿಸಲು ಹೋಗುವ ಹುಡುಗ, ತಾರಸಿಗೆ ಕಾಂಕ್ರೀಟು ಹಾಕುವ ದಿನ ತಂದೆಯೊಡನೆ ಹೋಗುವ ಹುಡುಗ, ಬೆರಳುಗಳ ಸಂದಿನಲ್ಲಿ ಸಿಮೆಂಟು ಉಳಿದುಕೊಂಡೇ ಸೋಮವಾರ ತರಗತಿಗೆ ಬರುತ್ತಾನೆ. ಮಧ್ಯಾಹ್ನದ ಪಾಠದಲ್ಲಿ ಅವನಿಗೆ ಜೋಂಪು ಹತ್ತುತ್ತದೆ. ಅವನನ್ನು ಸೋಮಾರಿಯೆಂದು ಹೊರಗಟ್ಟುವುದು ಸುಲಭ. ಹಾಜರಿ ಪುಸ್ತಕದಲ್ಲಿ ಇಲ್ಲದವನನ್ನು ಇದ್ದಾನೆಂದು ಬರೆಯುವ ಕರುಣೆಯೂ ಸಲ್ಲದು. ಅದು ಇತರರಿಗೆ ಅನ್ಯಾಯ, ಅವನಿಗೂ ಉಪಕಾರವಲ್ಲ. ಕೊರತೆಯು ತುಂಬಲಾಗದಷ್ಟು ಬೆಳೆಯುವ ಮೊದಲೇ ಕರೆದು ಲೆಕ್ಕ ತೋರಿಸುವುದು, ತಪ್ಪಿದ ಪಾಠವನ್ನು ಸಂಜೆ ಅರ್ಧ ಗಂಟೆ ಹೇಳಿಕೊಡುವುದು, ಪುಸ್ತಕ ಭಂಡಾರದವರಿಗೆ ಹೇಳಿ ಪಠ್ಯಪುಸ್ತಕವನ್ನು ವರ್ಷವಿಡೀ ಅವನ ಬಳಿಯೇ ಬಿಡಿಸುವುದು, ಇವೇ ಆತನಿಗೆ ಬೇಕಾದವು. ಆತನನ್ನು ವಾರ್ಷಿಕೋತ್ಸವದ ವೇದಿಕೆಗೆ ಕರೆದು, "ಕಡುಬಡವ" ಎಂದು ಪರಿಚಯಿಸಿ, ಧನಾದೇಶದ ದೊಡ್ಡ ಹಲಗೆಯನ್ನು ಕೈಗಿತ್ತು ಛಾಯಾಚಿತ್ರ ತೆಗೆಸುವುದಂತೂ ಬೇಡವೇ ಬೇಡ. ಹದಿನೆಂಟರ ಹರೆಯದಲ್ಲಿ ಸಹಪಾಠಿಗಳ ಮುಂದೆ ಬಡವನೆನಿಸಿಕೊಳ್ಳುವುದಕ್ಕಿಂತ ಬಡವನಾಗಿರುವುದೇ ಸುಲಭ.

ದಾರಿಯ ಖರ್ಚನ್ನು ಕೂಡ ಲೆಕ್ಕಕ್ಕೆ ಹಿಡಿಯಬೇಕು. ಕಾಪುವಿನಿಂದ ಉಡುಪಿಗೆ ಸುಮಾರು 13 ಕಿಲೋಮೀಟರು, ಕಾರ್ಕಳದಿಂದ ಸುಮಾರು 38. ಸರಕಾರೀ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟಿಲ್ಲವೆಂಬ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದಾಗ ರಾಜ್ಯದ ಬೇರೆ ಕಡೆಯ ಹುಡುಗಿಯರು ಹಿಗ್ಗಿದರು. ಈ ಸೀಮೆಯ ದಾರಿಗಳಲ್ಲಿ ಮಾತ್ರ ಮೊದಲಿನಿಂದ ಖಾಸಗಿ ಬಸ್ಸುಗಳದೇ ಪ್ರಾಬಲ್ಯ. ಹೀಗಾಗಿ ಬಾಗಲಕೋಟೆಯ ತಾಯಿಯನ್ನು ಕಾಣಲು ರಾತ್ರಿಯಿಡೀ ಟಿಕೆಟಿಲ್ಲದೆ ಪ್ರಯಾಣ ಮಾಡುವ ಹುಡುಗಿಯು, ಬಿಡಾರದಿಂದ ಕಾಲೇಜಿಗೆ ಬರಲು ನಿತ್ಯವೂ ಹಣ ತೆರಬೇಕು. ಬೆಂಗಳೂರಿನಲ್ಲಿ ಕುಳಿತು ಯೋಜನೆ ಬರೆದವರ ದೃಷ್ಟಿಗೆ ಇದು ಬಿದ್ದಿರಲಾರದು. ಹೋಗಿಬರುವ ಚಿಲ್ಲರೆ ಇಲ್ಲದ ಕಾರಣಕ್ಕೆ ತರಗತಿ ತಪ್ಪಿದವಳನ್ನು ಗುರುತಿಸುವುದೂ ಕೊನೆಗೆ ಕಿಟಕಿಯ ಬಳಿಯ ಮನುಷ್ಯರ ಕೆಲಸವೇ ಆಗುತ್ತದೆ.

2020ರ ಮಾರ್ಚ್ ತಿಂಗಳ ದಿಗ್ಬಂಧನದಲ್ಲಿ ಈ ಎಳೆ ಎಷ್ಟು ತೆಳುವೆಂಬುದು ಬಯಲಾಯಿತು. ಕೆಲಸ ನಿಂತಿತು, ಕೂಲಿಯವರು ಸಿಕ್ಕ ವಾಹನ ಹತ್ತಿ ಊರುಗಳಿಗೆ ಹಿಂದಿರುಗಿದರು, ಪಾಠಗಳು ಮೊಬೈಲಿನೊಳಗೆ ಸೇರಿಕೊಂಡವು. ಮನೆಗೊಂದೇ ಮೊಬೈಲು, ಅದೂ ತಂದೆಯ ಜೇಬಿನಲ್ಲಿ. ಆ ಕಾಲದಲ್ಲಿ ತಮ್ಮ ತರಗತಿಯ ಒಬ್ಬೊಬ್ಬರಿಗೂ ಫೋನು ಮಾಡಿ "ಎಲ್ಲಿದ್ದೀಯಪ್ಪ?" ಎಂದು ವಿಚಾರಿಸಿದ ಉಪನ್ಯಾಸಕರ ತರಗತಿಯಲ್ಲಿ ಬಾಗಿಲು ಮತ್ತೆ ತೆರೆದಾಗ ತುಂಬಿದ ಬೆಂಚುಗಳು ಹೆಚ್ಚಾಗಿದ್ದರೆ ಆಶ್ಚರ್ಯವಿಲ್ಲ.

ಈಗ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಅಲೆಯುವವರ ಮಕ್ಕಳನ್ನು ಒಂದೆಡೆ ನಿಲ್ಲಿಸಬೇಕಾದ ಈ ಸಿಬ್ಬಂದಿಯೇ ಒಂದೆಡೆ ನಿಂತವರಲ್ಲ. ಸರಕಾರೀ ಪದವಿ ಕಾಲೇಜುಗಳಲ್ಲಿ ಪಾಠ ಹೇಳುವವರಲ್ಲಿ ಬಹು ದೊಡ್ಡ ಪಾಲು ಅತಿಥಿ ಉಪನ್ಯಾಸಕರದು. ವರ್ಷವರ್ಷವೂ ಹೊಸದಾಗಿ ಅರ್ಜಿ ಹಾಕಿ, ಹೊಸದಾಗಿ ನೇಮಕಗೊಂಡು, ಬೇಸಿಗೆಯಲ್ಲಿ ಮತ್ತೆ ಮನೆಗೆ ಹೋಗುವ ಅತಿಥಿಗಳು ಅವರು. ಸೇವಾಭದ್ರತೆ ಕೋರಿ ಅವರು 2021ರ ಕೊನೆಯಲ್ಲಿಯೂ 2023ರ ಕೊನೆಯಲ್ಲಿಯೂ ರಾಜ್ಯಾದ್ಯಂತ ತರಗತಿಗಳನ್ನು ಬಹಿಷ್ಕರಿಸಿದರು. ವಿದ್ಯಾರ್ಥಿನಿಲಯಗಳ ಅಡುಗೆಯವರಲ್ಲಿಯೂ ಅನೇಕರು ಹೊರಗುತ್ತಿಗೆಯವರು. ಗುತ್ತಿಗೆ ಬದಲಾದರೆ ಒಲೆಯ ಮುಂದಿನ ಮುಖವೂ ಬದಲಾಗಬಹುದು. ಅರ್ಧ ಉಳಿದ ತಟ್ಟೆಯನ್ನು ಗುರುತಿಸಲು ಕಲಿತ ಅಕ್ಕ ಮುಂದಿನ ಜೂನಿನಲ್ಲಿ ಅಲ್ಲಿರುವಳೆಂದು ಹೇಳುವಂತಿಲ್ಲ. ವಿದ್ಯಾರ್ಥಿವೇತನದ ಮೊತ್ತವನ್ನು ಐನೂರು ಹೆಚ್ಚಿಸಿದರೆ ಪತ್ರಿಕೆಯಲ್ಲಿ ತಲೆಬರಹವಾಗುತ್ತದೆ. ಅನುಭವವುಳ್ಳ ಒಬ್ಬ ಗುಮಾಸ್ತರನ್ನು ಅದೇ ಕಿಟಕಿಯಲ್ಲಿ ಐದು ವರ್ಷ ಉಳಿಸಿದರೆ ತಲೆಬರಹವಾಗುವುದಿಲ್ಲ. ಆಳುವವರು ಯಾವುದನ್ನು ಆರಿಸುತ್ತಾರೆಂಬುದು ತಿಳಿದದ್ದೇ.

ಕಲ್ಪಿಸಿಕೊಂಡ ಆ ಹುಡುಗಿಯ ಅರ್ಜಿ ಎಲ್ಲಿಗೆ ಬಂದಿತು? ಜಾತಿಯ ಪ್ರಮಾಣಪತ್ರ ಬಂದಿದೆಯೆನ್ನೋಣ. ಹೆಸರು ಸರಿಹೋಗಿದೆ, ಖಾತೆಗೆ ಜೋಡಣೆಯಾಗಿದೆ. ಅಂದು ಕಡೆಯ ತಾರೀಖು, ಸಂಜೆ ಐದು ಗಂಟೆ. ಹೊರಗೆ ಮಳೆ. ಕಚೇರಿಯಲ್ಲಿ ಉಳಿದವರು ಗುಮಾಸ್ತರೂ ಹುಡುಗಿಯೂ ಇಬ್ಬರೇ. ಗುಪ್ತಸಂಖ್ಯೆಯನ್ನು ಯಂತ್ರ ಕಳುಹಿಸಿಯಾಗಿದೆ. ಅದರ ಆಯುಷ್ಯ ಕೆಲವೇ ನಿಮಿಷ. ಗುಮಾಸ್ತರು ತಮ್ಮ ಫೋನಿನಿಂದಲೇ ಹುಡುಗಿಯ ತಂದೆಯನ್ನು ಕರೆಯುತ್ತಾರೆ.

"ಯಜಮಾನ್ರೇ, ನಿಮ್ಮ ಮೊಬೈಲಿಗೆ ಈಗಷ್ಟೇ ಒಂದು ನಂಬರು ಬಂದಿದೆ. ಅದನ್ನು ಓದಿ ಹೇಳಬೇಕು."

"ನನಗ ಓದಾಕ ಬರೂದಿಲ್ರೀ ಸರ. ತಡೀರಿ, ಬಾಜೂ ಹೊಲದಾಗ ಒಬ್ಬ ಹುಡುಗ ಅದಾನ, ಓಡಿ ಹೋಗಿ ತೋರಿಸ್ತೀನಿ. ಇಡಬ್ಯಾಡ್ರಿ ಸರ, ಫೋನು ಇಡಬ್ಯಾಡ್ರಿ."

ಕೆಸರಿನಲ್ಲಿ ಓಡುವ ಕಾಲಿನ ಸದ್ದು, ಏದುಸಿರು, ಯಾರನ್ನೋ ಕೂಗುವ ದನಿ ಫೋನಿನಲ್ಲಿ ಕೇಳುತ್ತದೆ. ಹುಡುಗಿ ಮೇಜಿನ ಅಂಚನ್ನು ಹಿಡಿದು ನಿಂತಿದ್ದಾಳೆ. ಗುಮಾಸ್ತರು ಗಡಿಯಾರವನ್ನು ನೋಡುತ್ತಾರೆ, ಹೆಗಲಿಗೆ ಹಾಕಿದ್ದ ಚೀಲವನ್ನು ತೆಗೆದು ಮತ್ತೆ ಕುರ್ಚಿಗೆ ತೂಗುಹಾಕುತ್ತಾರೆ. ಅಷ್ಟರಲ್ಲಿ ಆಚೆಯಿಂದ ಎಳೆಯ ದನಿಯೊಂದು ಒಂದೊಂದೇ ಅಂಕಿಯನ್ನು ಬಿಡಿಸಿ ಬಿಡಿಸಿ ಓದತೊಡಗುತ್ತದೆ.